414 ಡಾಲರ್ ಊಟ: ಡಲ್ಲಾಸ್ ಕಡೆಯ ಸ್ಟೇಕ್-ಬಾರ್ಬೆಕ್ಯೂ ಹೋಟೆಲ್, ನಿಮಗೆ ಹೇಗನ್ನಿಸಿತು?

ವೇದಾವತಿ_ದಂಡೆ (ಪ್ಲೇನೋ)

ಎಲ್ಲರಿಗೂ ನಮಸ್ಕಾರ. ಮಗನ ಹೈಸ್ಕೂಲ್ ಮುಗೀತು. ಗ್ರ್ಯಾಜುಯೇಷನ್ ನೋಡಬೇಕು ಅಂತಲೇ ಅಪ್ಪ ಅಮ್ಮ ಚಳ್ಳಕೆರೆಯಿಂದ ಬಂದಿದ್ದಾರೆ. ಸಮಾರಂಭ ಮುಗಿದ ಶನಿವಾರ ರಾತ್ರಿ ಊಟಕ್ಕೆ ಎಲ್ಲಿಗೆ ಹೋಗೋಣ ಅಂತ ಮಗನನ್ನೇ ಕೇಳಿದೆ. ಅವನು ಹೇಳಿದ್ದು ಹೈವೇ ಪಕ್ಕದ ಆ ದೊಡ್ಡ ಸ್ಟೇಕ್ ಹೋಟೆಲ್. ಸ್ಟೇಕ್ (ದಪ್ಪ ಹೋಳಾಗಿ ಸುಟ್ಟ ದನದ ಮಾಂಸ), ಟೆಕ್ಸಾಸ್ ಬಾರ್ಬೆಕ್ಯೂ (ಹೊಗೆಯಲ್ಲಿ ನಿಧಾನವಾಗಿ ಬೇಯಿಸಿದ ಮಾಂಸ), ನ್ಯೂ ಮೆಕ್ಸಿಕೋ ಮೆಣಸಿನಕಾಯಿ ಅಡುಗೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತೆ. ಹೆಸರು ಬರೆಯುತ್ತಿಲ್ಲ. ಒಂದು ರಾತ್ರಿಯ ಊಟ ಇಟ್ಟುಕೊಂಡು ಒಂದು ಅಂಗಡಿಯ ಹೆಸರು ಕೆಡಿಸೋದು ನನಗೆ ಸರಿ ಕಾಣಲಿಲ್ಲ.

ಮೊದಲು ಒಳ್ಳೆಯದು ಹೇಳ್ತೀನಿ. ಕಾರಿನಿಂದ ಇಳಿದ ಕೂಡಲೇ ಅಪ್ಪ ನಿಂತುಬಿಟ್ಟರು. ಮೂಗು ಮೇಲೆತ್ತಿ ಗಾಳಿ ಎಳೆದುಕೊಂಡು, "ಇದು ಜಾಲಿ ಹೊಗೆ ಅಲ್ವೇನೋ?" ಅಂದರು. ಹೋಟೆಲ್ ಹಿಂದೆ ಮೆಸ್ಕೀಟ್ ಅನ್ನೋ ಇಲ್ಲಿನ ಮುಳ್ಳುಮರದ ಸೌದೆ ಒಟ್ಟಿದ್ದರು. ಐವತ್ತು ವರ್ಷ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಕಡಿದು ಒಲೆಗೆ ಹಾಕಿದ ಮನುಷ್ಯ ಅವರು. ಒಂಬತ್ತು ಸಾವಿರ ಮೈಲಿ ಆಚೆ ಬಂದು ಕತ್ತಲಲ್ಲಿ ಆ ವಾಸನೆ ಹಿಡಿದರು. ನನಗೆ ಗಂಟಲು ಕಟ್ಟಿತು.

ಒಳಗೆ ಹೋದಾಗ ಎಂಟೂವರೆ. ನಾವು ಆರು ಜನ. ನನಗೆ ಬ್ರಿಸ್ಕೆಟ್ (ಹೊಗೆಯಲ್ಲಿ ಬೇಯಿಸಿದ ದನದ ಎದೆ ಮಾಂಸ), ಮಗನಿಗೆ 16 ಔನ್ಸಿನ ರಿಬೈ ಸ್ಟೇಕ್, ಹೆಂಡತಿಗೆ ಫಿಲೆ ಸ್ಟೇಕ್, ಅಪ್ಪ ಕೋಳಿ-ಕುರಿ ಬಿಟ್ಟು ಬೇರೆ ಮುಟ್ಟಲ್ಲ ಅಂತ ಅವರಿಗೆ ಹೊಗೆಯಲ್ಲಿ ಬೇಯಿಸಿದ ಕೋಳಿ, ಮಗಳಿಗೆ ಮ್ಯಾಕ್ ಅಂಡ್ ಚೀಸ್. ಅಮ್ಮ ಶನಿವಾರ ಮಾಂಸ ತಿನ್ನಲ್ಲ. ಅವರಿಗೆ ಚೀಸ್ ತುಂಬಿದ ಪೊಬ್ಲಾನೊ ಮೆಣಸಿನಕಾಯಿ, ಜೊತೆಗೆ ಒಂದು ಬಟ್ಟಲು ಬೇಯಿಸಿದ ಬೀನ್ಸ್ ಕಾಳು.

ಬ್ರಿಸ್ಕೆಟ್ ಒಣಗಿತ್ತು. ಚೂರು ಎತ್ತಿ ಎರಡು ಕಡೆ ಎಳೆದರೆ ಹಗ್ಗದ ಎಳೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಮಗನ ರಿಬೈ ಮೀಡಿಯಂ ರೇರ್, ಅಂದರೆ ನಡುವೆ ಗುಲಾಬಿ ಉಳಿಯೋ ಹಾಗೆ ಹೇಳಿದ್ದು, ಬಂದದ್ದು ತುದಿಯಿಂದ ತುದಿಗೆ ಬೂದು ಬಣ್ಣ. ಅಪ್ಪನ ಕೋಳಿ ಮೂಳೆ ಹತ್ತಿರ ಗುಲಾಬಿ ಬಣ್ಣಕ್ಕಿತ್ತು. "ಬೆಂದಿಲ್ಲ ಕಣೋ" ಅಂತ ತಟ್ಟೆ ಪಕ್ಕಕ್ಕೆ ಸರಿಸಿದರು. ವೇಟರನ್ನ ಕೇಳಿದರೆ "ಅದು ಹಾಗೇ ಇರೋದು" ಅಂದು ಹೊರಟೇ ಹೋದ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ಅಮ್ಮ ಬೀನ್ಸ್ ಎರಡು ಚಮಚ ತಿಂದು, ಮೂರನೇ ಚಮಚದಲ್ಲಿ ಏನೋ ಸಿಕ್ಕಿ, ನ್ಯಾಪ್ಕಿನ್‌ಗೆ ತೆಗೆದು ದೀಪದ ಬೆಳಕಿಗೆ ಹಿಡಿದು ನೋಡಿದರು. ಬೇಕನ್ ಚೂರು, ಹಂದಿ ಮಾಂಸ. ಏನೂ ಅನ್ನಲಿಲ್ಲ. ಎದ್ದು ಹೋಗಿ ಬಾಯಿ ತೊಳೆದು ಬಂದು ಕೂತರು. ಆಮೇಲೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಮೆನುವಿನಲ್ಲಿ "ರಾಂಚ್ ಬೀನ್ಸ್" ಅಂತ ಮಾತ್ರ ಇತ್ತು. ನಾನು ಕೇಳಬೇಕಿತ್ತು, ಕೇಳಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಬಿಲ್: ಊಟ 323, ತೆರಿಗೆ 26.65, ಆರು ಜನ ಅಂತ ಅವರೇ ಸೇರಿಸಿದ 20% ಟಿಪ್ 64.60. ಒಟ್ಟು 414.25 ಡಾಲರ್. ಅಲ್ಲಿಗೆ ಹೋದವರು ಯಾರಾದರೂ ಇದ್ದೀರಾ? ನಮಗೆ ಮಾತ್ರ ಹೀಗಾಯಿತಾ?


ಫ್ರಿಸ್ಕೋ_ಅಂಗಳ

ನೀವು ಹೇಳೋ ಜಾಗ ಯಾವುದು ಅಂತ ಗೊತ್ತಾಯ್ತು ಅಣ್ಣ. ನಿಮ್ಮ ಅಮ್ಮನ ವಿಷಯ ಓದಿ ಸಂಕಟ ಆಯ್ತು.

ಆದರೆ ನಮ್ಮ ಅನುಭವ ಪೂರ್ತಿ ಬೇರೆ. ಇಬ್ಬರೇ ಹೋಗಿದ್ದು, ಶನಿವಾರವೇ, ಆದರೆ ಹಗಲು ಹನ್ನೊಂದೂವರೆಗೆ. ಬ್ರಿಸ್ಕೆಟ್ ಅರ್ಧ ಪೌಂಡ್ ತಗೊಂಡ್ವಿ. ನಿಜ ಹೇಳ್ತೀನಿ, ಚೂರನ್ನ ಬೆರಳ ಮೇಲೆ ಇಟ್ಟರೆ ಎರಡೂ ಕಡೆ ಜೋತುಬೀಳ್ತಿತ್ತು, ಆದರೆ ಮುರೀತಿರಲಿಲ್ಲ. ಹೊರಗಿನ ಕರೀ ಪದರದಲ್ಲಿ ಕಾಳುಮೆಣಸು, ಉಪ್ಪು ಅಷ್ಟೇ. ಒಳಗೆ ಕೊಬ್ಬು ಕರಗಿ ತುಪ್ಪದ ಹಾಗಾಗಿತ್ತು. ಸಾಸ್ ಬಾಟಲಿ ಮುಟ್ಟಲೇ ಇಲ್ಲ. ಬಾಣಲೆಯಲ್ಲೇ ತಂದಿಟ್ಟ ಕಾರ್ನ್‌ಬ್ರೆಡ್, ಮೇಲೆ ಹಾಲಪೇನ್ಯೋ ಮೆಣಸಿನಕಾಯಿ ಬೆಣ್ಣೆ. ನನ್ನ ಗಂಡ ಇವತ್ತಿಗೂ ಅದನ್ನ ನೆನೆಸಿಕೊಳ್ತಾರೆ.

ಅದೇ ಅಡುಗೆಮನೆ, ಇಷ್ಟು ವ್ಯತ್ಯಾಸ ಹೇಗೆ ಅಂತ ನನಗೂ ಅರ್ಥ ಆಗ್ತಿಲ್ಲ.


ಕಾಚಂಪುಳಿ (ಹ್ಯೂಸ್ಟನ್)

ವ್ಯತ್ಯಾಸ ಇರೋದು ಗಡಿಯಾರದಲ್ಲಿ.

ನಾನು ಮಡಿಕೇರಿ ಕಡೆಯವನು. ಇಲ್ಲಿ ಮನೆ ಹಿಂದೆ ದೊಡ್ಡ ಸ್ಮೋಕರ್ (ಹೊಗೆಗೂಡು) ಇಟ್ಟುಕೊಂಡು ಒಂಬತ್ತು ವರ್ಷದಿಂದ ಬ್ರಿಸ್ಕೆಟ್ ಮಾಡ್ತಾ ಇದ್ದೀನಿ. ಅದು ಹಸುವಿನ ಎದೆಯ ಭಾಗ. ದಿನವಿಡೀ ಮೈಭಾರ ಹೊರುವ ಸ್ನಾಯು, ಹಾಗಾಗಿ ಗಟ್ಟಿ. 225ರಿಂದ 275 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಹತ್ತು ಹನ್ನೆರಡು ಗಂಟೆ ಇಟ್ಟರೆ ಮಾತ್ರ ಅದರೊಳಗಿನ ಕೊಲಾಜನ್ ಕರಗಿ ಜೆಲಟಿನ್ ಆಗುತ್ತೆ. ಕಾಲು ಸೂಪ್ ಆರಿದ ಮೇಲೆ ಹೆಪ್ಪುಗಟ್ಟುತ್ತಲ್ಲ, ಅದೇ ವಸ್ತು. ಮಧ್ಯದಲ್ಲಿ 160ರ ಆಸುಪಾಸು ಬಂದಾಗ ಮಾಂಸದ ಬಿಸಿ ಗಂಟೆಗಟ್ಟಲೆ ಏರುವುದೇ ಇಲ್ಲ. ಮೈಮೇಲಿನ ತೇವ ಆವಿಯಾಗ್ತಾ ತಂಪು ಮಾಡ್ತಿರುತ್ತೆ, ನಮ್ಮ ಮಡಕೆ ನೀರಿನ ಹಾಗೆ. ಇಲ್ಲಿಯವರು ಅದಕ್ಕೆ ಸ್ಟಾಲ್ ಅಂತಾರೆ. ಅದನ್ನ ದಾಟಿ 200ರ ಹತ್ತಿರ ಬಂದಾಗಲೇ ಇಳಿಸೋದು. ಇಳಿಸಿದ ಮೇಲೂ ಕಾಗದದಲ್ಲಿ ಸುತ್ತಿ ಬೆಚ್ಚಗೆ ಇಡಬೇಕು.

ಒಳ್ಳೆ ಅಂಗಡಿಯವರು ಹಿಂದಿನ ದಿನವೇ ಬೆಂಕಿ ಹಚ್ಚಿ ಮಧ್ಯಾಹ್ನದ ಊಟಕ್ಕೆ ಹದ ತರ್ತಾರೆ. ಮುಗಿದರೆ "ಖಾಲಿ" ಅಂತ ಬೋರ್ಡ್ ಹಾಕಿ ಬಾಗಿಲು ಹಾಕ್ತಾರೆ. ಟೆಕ್ಸಾಸ್‌ನಲ್ಲಿ ಬಾರ್ಬೆಕ್ಯೂ ಅನ್ನೋದು ಮೂಲತಃ ಹಗಲಿನ ಊಟ. ರಾತ್ರಿ ಹತ್ತರವರೆಗೆ ಬ್ರಿಸ್ಕೆಟ್ ಕೊಡ್ತೀವಿ ಅನ್ನೋ ಹೋಟೆಲ್ ಅದನ್ನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟು ಕಾಯಬೇಕು. ಜತನದಿಂದ ಇಟ್ಟರೆ ಚೆನ್ನಾಗೇ ಇರುತ್ತೆ. ಮೊದಲೇ ಕೊಯ್ದು ತಟ್ಟೆಯಲ್ಲಿಟ್ಟು ಬಿಸಿ ಮಾಡಿದರೆ ಅರ್ಧ ಗಂಟೆ ಸಾಕು, ಎಲ್ಲ ಹಾಳು. ನಿಮಗೆ ಬಂದದ್ದು ಹಾಗೆ ಮೊದಲೇ ಕೊಯ್ದಿಟ್ಟದ್ದು ಅಂತ ನನ್ನ ಅನುಮಾನ. ಇನ್ನೊಂದು ಸಾಧ್ಯತೆ, ಕೊಬ್ಬಿಲ್ಲದ ಭಾಗ ಬಂದಿರಬಹುದು. ಬ್ರಿಸ್ಕೆಟ್‌ನಲ್ಲಿ ಎರಡು ಸ್ನಾಯು. ಚಪ್ಪಟೆ ಭಾಗಕ್ಕೆ ಲೀನ್ ಅಂತಾರೆ, ಕೊಬ್ಬಿನ ಭಾಗಕ್ಕೆ ಮಾಯಿಸ್ಟ್. ಏನೂ ಹೇಳದೆ ಇದ್ದರೆ ಎಷ್ಟೋ ಕಡೆ ಲೀನೇ ಕೊಡ್ತಾರೆ. ಬಾಯಿಬಿಟ್ಟು ಮಾಯಿಸ್ಟ್ ಕೇಳಿ.

ಇನ್ನು ಅಪ್ಪನವರ ಕೋಳಿ. ಇದೊಂದನ್ನ ದಯವಿಟ್ಟು ಅವರಿಗೆ ಹೇಳಿ. ಅದು ಬೆಂದಿರುವ ಸಾಧ್ಯತೆಯೇ ಹೆಚ್ಚು. ಸೌದೆ ಹೊಗೆಯಲ್ಲಿರುವ ಅನಿಲಗಳು ಮಾಂಸದ ಬಣ್ಣದ ಅಂಶವನ್ನ ಗುಲಾಬಿಯಾಗೇ ಹಿಡಿದಿಟ್ಟುಬಿಡ್ತವೆ. ಎಳೆ ಕೋಳಿಯಾದರೆ ಮೂಳೆಯ ಮಜ್ಜೆಯಿಂದಲೂ ಬಣ್ಣ ಇಳಿಯುತ್ತೆ. ಬಣ್ಣ ನೋಡಿ ಹೇಳೋಕಾಗಲ್ಲ, 165 ಡಿಗ್ರಿ ಮುಟ್ಟಿದೆಯಾ ಅಂತ ಥರ್ಮಾಮೀಟರ್ ಚುಚ್ಚಿ ನೋಡಬೇಕು. ಆ ವೇಟರ್ ಹೇಳಿದ್ದು ಸುಳ್ಳಲ್ಲ. ಆದರೆ ಊರಿಂದ ಬಂದ ಹಿರಿಯರಿಗೆ ಎರಡು ಮಾತಲ್ಲಿ ಬಿಡಿಸಿ ಹೇಳದೆ ಹೋದನಲ್ಲ, ಅದೇ ತಪ್ಪು. ಥರ್ಮಾಮೀಟರ್ ತಂದು ಕಣ್ಣೆದುರೇ ಚುಚ್ಚಿ ತೋರಿಸಿದ್ದರೆ ಅವರು ತಿಂದಿರ್ತಿದ್ದರು.


ಗಿರ್ಮಿಟ್_ಹುಬ್ಬಳ್ಳಿ (ಆಸ್ಟಿನ್)

ಕಾಚಂಪುಳಿ ಅವರು ಅಡಗಿ ಬಗ್ಗೆ ಹೇಳಿದ್ದು ಖರೇ ಐತಿ. ನಾ ರೊಕ್ಕದ ಮಾತು ಹೇಳ್ತೀನ್ರಿ.

ಈ ಬಾರ್ಬೆಕ್ಯೂ ಹುಟ್ಟಿದ್ದ ಕಟುಕರ ಅಂಗಡಿ ಒಳಗ. ಜರ್ಮನಿ, ಚೆಕ್ ಕಡೆಯಿಂದ ಬಂದ ಮಂದಿ ನಡು ಟೆಕ್ಸಾಸ್‌ನ್ಯಾಗ ಮಾಂಸದ ಅಂಗಡಿ ಇಟ್ರು. ಮಾರಾಟ ಆಗದ ಉಳದದ್ದು ಕೆಡಬಾರದಂತ ಹೊಗಿ ಹಾಕಿ ಬೇಯಿಸಿ, ಖಾಕಿ ಕಾಗದದಾಗ ಸುತ್ತಿ ತೂಕದ ಮ್ಯಾಲ ಮಾರಿದ್ರು. ಹತ್ತಿ ಬಿಡಸಾಕ ಬಂದ ಕೂಲಿ ಮಂದಿ ಅಲ್ಲೇ ನಿಂತು ತಿಂತಿದ್ರು. ಲಾಕ್‌ಹಾರ್ಟ್ ಅಂತ ಊರೈತಿ, ಆಸ್ಟಿನ್‌ನಿಂದ ದಕ್ಷಿಣಕ್ಕ ಮೂವತ್ತ ಮೈಲಿ. ಕ್ರೂಟ್ಸ್ ಮಾರ್ಕೆಟ್ 1900ರಿಂದ ಅಲ್ಲಿ ನಡದೈತಿ. ಒಳಗ ಹೋದ್ರ ಬೆಂಕಿ ಎದುರಿಗೇ ಕಾಣ್ತೈತಿ, ಕೊಯ್ಯಾವ ಕಣ್ಣ ಮುಂದ ಕೊಯ್ದು ತೂಗಿ ಕೊಡ್ತಾನ. ಮೊದಲ ಅಲ್ಲಿ ಸಾಸ್ ಇಲ್ಲ, ಮುಳ್ಳ ಚಮಚಾನೂ ಇಲ್ಲ. ಕೈಯಾಗ ತಿನ್ನೂದು.

ಬಡವರ ಅನ್ನಕ್ಕ ಬಿಳಿ ಬಟ್ಟಿ ಹಾಸಿದ ಮೇಜು, ಮ್ಯಾಲ 20% ಟಿಪ್ ಹಚ್ಚಿ ಮಾರಿದ್ರ, ಅದಕ್ಕ ತಕ್ಕ ಕೆಲಸಾನೂ ಇರಬೇಕ್ರಿ. ಬ್ರಿಸ್ಕೆಟ್ ಇವತ್ತ ಎಲ್ಲೂ ಅಗ್ಗ ಇಲ್ಲ, ಒಪ್ತೀನಿ. ಹಸಿ ತುಂಡ ಬೆಂದ ಮ್ಯಾಲ ಹತ್ತಹತ್ರ ಅರ್ಧಕ್ಕ ಇಳೀತೈತಿ, ರಾತ್ರಿಯೆಲ್ಲಾ ಒಬ್ಬಾವ ಬೆಂಕಿ ಕಾಯಬೇಕು. ಆ ದುಡಿಮಿಗೆ ರೊಕ್ಕ ಕೊಡಾಕ ನನಗೇನೂ ಬ್ಯಾಸರಿಲ್ಲ. ಒಣಗಿದ ತುಂಡಿಗೆ ಕೊಡಾಕ ಬ್ಯಾಸರೈತಿ.

2024ರ ನವೆಂಬರ್‌ದಾಗ ಹೋಟೆಲ್‌ಗಳ ಗುಣಮಟ್ಟಕ್ಕ ನಕ್ಷತ್ರ ಕೊಡೋ ಮಿಶೆಲಿನ್ ಗೈಡ್‌ದವರು ಟೆಕ್ಸಾಸ್‌ದ ಮೊದಲನೇ ಪಟ್ಟಿ ಹೊರಡಿಸಿದಾಗ ನಾಕ ಬಾರ್ಬೆಕ್ಯೂ ಅಂಗಡಿಗೆ ನಕ್ಷತ್ರ ಕೊಟ್ರು. ಅದರಾಗ ಮೂರು ನಮ್ಮ ಆಸ್ಟಿನ್‌ದವು. ಬಿಸಲಾಗ ಸಾಲು ಹಚ್ಚಿ ನಿಂತು, ಟ್ರೇ ಹಿಡಕೊಂಡು ಹೋಗಿ ತಿನ್ನೂ ಜಾಗಾ ಅವು. ನಕ್ಷತ್ರ ಬಂದದ್ದು ಮಾಂಸಕ್ಕ, ಮೇಜಿಗಲ್ಲ.


ತರಕಾರಿ_ಬುಟ್ಟಿ (ಸ್ಯಾನ್ ಆಂಟೋನಿಯೊ)

ಇಪ್ಪತ್ತೆರಡು ವರ್ಷದಿಂದ ಟೆಕ್ಸಾಸ್‌ನಲ್ಲಿ ಶುದ್ಧ ಸಸ್ಯಾಹಾರಿಯಾಗಿ ಬದುಕಿದ್ದೇನೆ. ಬೀನ್ಸ್ ವಿಷಯದಲ್ಲಿ ನಿಮ್ಮ ಅಮ್ಮನಿಗೆ ಆದದ್ದು ನನಗೂ ಆಗಿದೆ, ಅದೂ ಕಚೇರಿಯವರೆಲ್ಲ ಕೂತ ಮೇಜಿನಲ್ಲಿ. ಆ ಹೊತ್ತಿನ ಸಂಕಟ ಮಾತಲ್ಲಿ ಹೇಳೋಕಾಗಲ್ಲ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಲ್ಲಿ "ಬೀನ್ಸ್" ಅಂದರೆ ಬೇಳೆಯಲ್ಲ ಅಂತ ಇಟ್ಟುಕೊಳ್ಳಿ. ರಾಂಚ್ ಬೀನ್ಸ್, ಚಾರೊ ಬೀನ್ಸ್, ಪಿಟ್ ಬೀನ್ಸ್ ಯಾವುದಾದರೂ ಸರಿ, ಬೇಕನ್ ಇಲ್ಲವೇ ಉಳಿದ ಬ್ರಿಸ್ಕೆಟ್ ಚೂರು ಹಾಕಿಯೇ ಇರ್ತಾರೆ. ರೀಫ್ರೈಡ್ ಬೀನ್ಸ್‌ಗೆ ಹಂದಿ ಕೊಬ್ಬು ಹಾಕೋದು ಹಳೇ ಪದ್ಧತಿ, ಟೊರ್ಟಿಯಾ ಅನ್ನೋ ಮೈದಾ ರೊಟ್ಟಿಗೂ ಅದೇ. ಕೆಂಪು ಅನ್ನವನ್ನ ಎಷ್ಟೋ ಕಡೆ ಕೋಳಿ ರಸದಲ್ಲಿ ಬೇಯಿಸ್ತಾರೆ. ಟೊರ್ಟಿಯಾ ಸೂಪ್ ಮೇಲೆ ಕೋಳಿ ಚೂರು ಕಾಣದಿದ್ದರೂ ಕೆಳಗಿರೋದು ಕೋಳಿ ರಸವೇ. ಕಾಲರ್ಡ್ ಸೊಪ್ಪಿನಲ್ಲಿ ಹಂದಿ ಕಾಲಿನ ಮೂಳೆ. ಕಾರ್ನ್‌ಬ್ರೆಡ್ ಬಾಣಲೆಗೆ ಬೇಕನ್ ಜಿಡ್ಡು ಸವರುವವರಿದ್ದಾರೆ. ಸ್ಟೇಕ್ ಹೋಟೆಲ್‌ಗಳಲ್ಲಿ ಆಲೂ ಫ್ರೈಸನ್ನ ದನದ ಕೊಬ್ಬಿನಲ್ಲಿ ಕರಿಯೋದನ್ನ ಹೆಮ್ಮೆಯಿಂದ ಹೇಳಿಕೊಳ್ತಾರೆ. ಸೀಸರ್ ಸಲಾಡ್‌ನಲ್ಲಿ ಮೀನು ಇರುತ್ತೆ.

"ವೆಜಿಟೇರಿಯನ್ನಾ?" ಅಂತ ಕೇಳಿದರೆ ವೇಟರ್ ಮೇಲೆ ಕಾಣೋದನ್ನ ಮಾತ್ರ ಯೋಚಿಸಿ ಹೌದು ಅಂದುಬಿಡ್ತಾನೆ. ನಾನು ಹಾಗೆ ಕೇಳೋದೇ ಬಿಟ್ಟೆ. "ಇದರಲ್ಲಿ ಬೇಕನ್, ಲಾರ್ಡ್ (ಹಂದಿ ಕೊಬ್ಬು), ಚಿಕನ್ ಸ್ಟಾಕ್, ಬೀಫ್ ಫ್ಯಾಟ್ ಯಾವುದಾದರೂ ಇದೆಯಾ, ಅಡುಗೆಯವರನ್ನ ಕೇಳಿ ಬಂದು ಹೇಳ್ತೀರಾ" ಅಂತ ಹೆಸರು ಹಿಡಿದು ಕೇಳ್ತೀನಿ. ಕೇಳೋಕೆ ಸಂಕೋಚ ಬೇಡ. ಒಳ್ಳೆ ಹೋಟೆಲ್‌ನವರು ಒಳಗೆ ಹೋಗಿ ವಿಚಾರಿಸಿಕೊಂಡು ಬರ್ತಾರೆ.

ಆ ಹೋಟೆಲ್‌ನ ಪೊಬ್ಲಾನೊ ಹೇಗಿತ್ತು? ಅಮ್ಮ ತಿಂದರಾ?


ವೇದಾವತಿ_ದಂಡೆ

@ತರಕಾರಿ_ಬುಟ್ಟಿ ಅಕ್ಕ, ಪೊಬ್ಲಾನೊ ಮೊದಲು ಬಂದಿತ್ತು, ಅರ್ಧ ತಿಂದಿದ್ದರು. ಸಿಪ್ಪೆಯನ್ನ ಬೆಂಕಿಯಲ್ಲಿ ಸುಟ್ಟು ತೆಗೆದು ಮಾಡಿದ್ದು. "ಸುಟ್ಟ ಬದನೆಕಾಯಿ ಗೊಜ್ಜಿನ ವಾಸನೆ ಬರುತ್ತೆ" ಅಂತ ಖುಷಿಯಾಗೇ ಹೇಳಿದ್ದರು. ಬೀನ್ಸ್ ಆದ ಮೇಲೆ ಅದನ್ನೂ ಮುಟ್ಟಲಿಲ್ಲ.

@ಕಾಚಂಪುಳಿ ಸರ್, ಕೋಳಿ ವಿಷಯ ಅಪ್ಪನಿಗೆ ಓದಿ ಹೇಳಿದೆ. ತಲೆ ಅಲ್ಲಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ.


ಹೊಸಬ_ಡೆಂಟನ್

ತಪ್ಪು ತಿಳೀಬೇಡಿ. ಅಪ್ಪ ಅಮ್ಮ ತಿನ್ನದ ಮಾಂಸವೇ ಮುಖ್ಯವಾಗಿರೋ ಜಾಗಕ್ಕೆ ಅವರನ್ನ ಕರಕೊಂಡು ಹೋಗಿದ್ದೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ನಮ್ಮವರ ಹೋಟೆಲ್‌ಗಳು ಇರ್ವಿಂಗ್‌ನಲ್ಲಿ ಬೇಕಾದಷ್ಟಿವೆ.


ಫ್ರಿಸ್ಕೋ_ಅಂಗಳ

ಹಬ್ಬ ಮಗನದ್ದು, ಜಾಗ ಆರಿಸಿದ್ದು ಮಗ. ಹುಟ್ಟಿ ಬೆಳೆದ ಊರಿನ ಊಟ ಅವನಿಗೆ ಇದೇ ತಾನೆ? ಅಜ್ಜ ಅಜ್ಜಿ ಅವನಿಗೋಸ್ಕರ ಬಂದು ಕೂತರು. ಅದರಲ್ಲಿ ತಪ್ಪೇನಿದೆ?


ಬಂದರು_ಬೀದಿ (ಹ್ಯೂಸ್ಟನ್)

ಹೊಸಬ ಅವರೇ, "ನಮ್ಮವರ ಊಟ" ಅಂತ ಒಂದೇ ಗೆರೆ ಎಳೆಯೋದು ಬೇಡ. ನಾವು ಮಂಗಳೂರಿನ ಕ್ರೈಸ್ತರು. ಮನೆಯಲ್ಲಿ ತಲೆಮಾರಿನಿಂದ ಹಂದಿ, ದನ ಎರಡೂ ಬೇಯುತ್ತೆ, ನಮ್ಮ ಮಾತೂ ಕನ್ನಡವೇ. ಒಂದೇ ಮೇಜಿನಲ್ಲಿ ಒಬ್ಬರು ಸ್ಟೇಕ್, ಒಬ್ಬರು ಕೋಳಿ, ಇನ್ನೊಬ್ಬರು ಶನಿವಾರದ ನೇಮ. ಇಂಥ ಮನೆಗಳೇ ಜಾಸ್ತಿ. 414 ಡಾಲರ್ ತಗೊಳ್ಳುವ ಹೋಟೆಲ್ ಅಷ್ಟು ಜನರನ್ನೂ ಸಮಾಧಾನದಿಂದ ಊಟ ಮಾಡಿಸಿ ಕಳಿಸಬೇಕು. ನನ್ನ ಅಸಮಾಧಾನ ಇರೋದು ಅಲ್ಲಿ.


ಒಲೆ_ಮುಂದೆ (ಡಲ್ಲಾಸ್)

ಓದುವ ಕಾಲದಲ್ಲಿ ಎರಡು ವರ್ಷ ಬೇರೊಂದು ಸ್ಟೇಕ್ ಹೋಟೆಲ್‌ನಲ್ಲಿ ದುಡಿದಿದ್ದೇನೆ. ಮೊದಲು ಮೇಜು ಒರೆಸೋದು, ಆಮೇಲೆ ಗ್ರಿಲ್ ಪಕ್ಕ. ಅದಕ್ಕೇ ರಿಬೈ ಬಗ್ಗೆ ಹೇಳ್ತೀನಿ.

ಮೀಡಿಯಂ ರೇರ್ ಅಂದರೆ ಮಾಂಸದ ನಡುವೆ 130ರಿಂದ 135 ಡಿಗ್ರಿ. ಬೆಂಕಿಯಿಂದ ಇಳಿಸಿದ ಮೇಲೂ ಒಳಗಿನ ಬಿಸಿ ಐದು ಡಿಗ್ರಿ ಏರುತ್ತೆ, ಹಾಗಾಗಿ 125ಕ್ಕೇ ಇಳಿಸಬೇಕು. ಮೆಸ್ಕೀಟ್ ಕೆಂಡ ಓಕ್‌ಗಿಂತ ಜೋರು. ಅದರ ಮೇಲೆ ಒಂದು ನಿಮಿಷ ಹೆಚ್ಚಾದರೂ ಹದ ತಪ್ಪಿತು. ಆರು ಜನರ ಮೇಜು ಅಂದರೆ ಆರೂ ತಟ್ಟೆ ಒಟ್ಟಿಗೆ ಹೊರಡಬೇಕು. ಬೇರೆ ಯಾವುದೋ ತಟ್ಟೆ ತಡವಾಯಿತು ಅಂತ ನಿಮ್ಮ ಮಗನ ಸ್ಟೇಕನ್ನ ಬಿಸಿ ದೀಪದ ಕೆಳಗೆ ಇಟ್ಟಿರ್ತಾರೆ. ಅಲ್ಲಿ ಅದು ಬೇಯ್ತಾನೇ ಹೋಗುತ್ತೆ. ಶನಿವಾರ ರಾತ್ರಿ ಎಂಟೂವರೆ ಅಂದರೆ ಅಡುಗೆಮನೆಗೆ ಉಸಿರಾಡೋಕೂ ಬಿಡುವಿಲ್ಲದ ಹೊತ್ತು. ಇದನ್ನ ನೆಪ ಅಂತ ಹೇಳ್ತಿಲ್ಲ, ಒಳಗೆ ಏನು ನಡೀತದೆ ಅಂತ ಹೇಳ್ತಿದ್ದೀನಿ.

ಸ್ಟೇಕ್ ಒಲೆ ಮತ್ತು ಹೊಗೆಗೂಡು ಎರಡೂ ಬೇರೆ ಬೇರೆ ಕಸುಬು. ಸ್ಟೇಕ್ ನೀವು ಹೇಳಿದ ಮೇಲೆ ಶುರುವಾಗಿ ಹದಿನೈದು ನಿಮಿಷದಲ್ಲಿ ಮುಗೀಬೇಕು. ಬ್ರಿಸ್ಕೆಟ್ ನೀವು ಮನೆ ಬಿಡುವ ಅರ್ಧ ದಿನ ಮೊದಲೇ ಶುರುವಾಗಿರಬೇಕು. ಎರಡನ್ನೂ ಒಂದೇ ರಾತ್ರಿ ಒಂದೇ ಮೇಜಿಗೆ ಸರಿಯಾಗಿ ತರೋದು ಬಹಳ ಕಷ್ಟ. ಹಗಲು ಹೋದರೆ ಅಲ್ಲಿ ಬಾರ್ಬೆಕ್ಯೂ ತಿನ್ನಿ. ಸ್ಟೇಕ್ ಬೇಕಾದರೆ ವಾರದ ನಡುವೆ, ಮಂಗಳವಾರ ಬುಧವಾರ, ಸಂಜೆ ಆರಕ್ಕೆ ಹೋಗಿ. ನಾನು ಅಲ್ಲಿ ಬುಧವಾರ ತಿಂದ ಸ್ಟ್ರಿಪ್ ಸ್ಟೇಕ್ ಅಚ್ಚುಕಟ್ಟಾಗಿತ್ತು.

ಹದ ತಪ್ಪಿದ ಸ್ಟೇಕನ್ನ ವಾಪಸ್ ಕಳಿಸಿ. ಇದು ಅವಮಾನ ಅಲ್ಲ, ಅವರಿಗೂ ಬೇಜಾರಿಲ್ಲ. ಆದರೆ ಮೊದಲ ಎರಡು ತುತ್ತಿನಲ್ಲೇ ಹೇಳಬೇಕು. ಮುಕ್ಕಾಲು ತಿಂದು ಬಿಲ್ ಬಂದಾಗ ಹೇಳಿದರೆ ಯಾರಿಗೂ ಏನೂ ಮಾಡೋಕಾಗಲ್ಲ. ಸ್ಟೇಕ್ ಬಂದ ಕೂಡಲೇ ನಡುವೆ ಒಂದು ಸೀಳು ಕೊಯ್ದು ನೋಡಿ, ವೇಟರ್ ಅಲ್ಲೇ ನಿಂತಿರುವಾಗಲೇ. ನಮ್ಮವರು ಸಂಕೋಚಕ್ಕೆ ಸುಮ್ಮನೆ ತಿಂದು, ಮನೆಗೆ ಬಂದು ನೊಂದುಕೊಳ್ತಾರೆ.

ಟಿಪ್ ವಿಷಯ: ಟೆಕ್ಸಾಸ್‌ನಲ್ಲಿ ವೇಟರ್‌ಗೆ ಮಾಲೀಕ ಕೊಡಲೇಬೇಕಾದ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅಷ್ಟೇ ಇದೆ. ಟಿಪ್ ಸೇರಿ 7.25 ಆಗದಿದ್ದರೆ ಮಾತ್ರ ಮಾಲೀಕ ತುಂಬಿಕೊಡಬೇಕು. ಹಾಗಾಗಿ ಅಡುಗೆಯವನ ತಪ್ಪಿಗೆ ವೇಟರ್ ಟಿಪ್ ಕಡಿಮೆ ಮಾಡಬೇಡಿ. ಅಂದ ಹಾಗೆ, ಅವರೇ 20% ಸೇರಿಸಿದ ಮೇಲೂ ಚೀಟಿಯಲ್ಲಿ ಟಿಪ್ ಅಂತ ಖಾಲಿ ಗೆರೆ ಇರುತ್ತೆ. ಗಮನಿಸದೆ ಅಲ್ಲಿ ಮತ್ತೆ ಬರೆದಿಲ್ಲ ತಾನೆ?


ವೇದಾವತಿ_ದಂಡೆ

ಬರೆದಿಲ್ಲ ಸರ್, ಮಗ ನೋಡಿ ತಡೆದ. ನೀವು ಹೇಳಿದ್ದು ಸರಿ. ರಿಬೈ ಬಂದಾಗಲೇ ಹೇಳಬೇಕಿತ್ತು. ಮಗನೇ "ಬೇಡ ಅಪ್ಪ, ಇರಲಿ ಬಿಡು, ತಾತ ಕೂತಿದ್ದಾರೆ" ಅಂದ. ಅವನ ದಿನ ಅಂತ ನಾನೂ ಸುಮ್ಮನಾದೆ.


ಕೆಂಪು_ಹಸಿರು (ಆಲ್ಬುಕರ್ಕಿ)

ತಡವಾಗಿ ಬಂದೆ. ಈ ಹೋಟೆಲ್‌ಗೆ ಕಳೆದ ಡಿಸೆಂಬರ್‌ನಲ್ಲಿ ತಂಗಿ ಮನೆಗೆ ಬಂದಾಗ ಹೋಗಿದ್ದೆ. ನನಗೆ ಇಷ್ಟವಾದದ್ದು ಮಾಂಸ ಅಲ್ಲವೇ ಅಲ್ಲ, ಮೆಣಸಿನಕಾಯಿ.

ನಾನಿರುವ ನ್ಯೂ ಮೆಕ್ಸಿಕೋದಲ್ಲಿ ಯಾವ ಹೋಟೆಲ್‌ಗೆ ಹೋದರೂ ಮೊದಲ ಪ್ರಶ್ನೆ "ಕೆಂಪೋ ಹಸಿರೋ?" ಅಂತ. 1996ರಲ್ಲಿ ಅದನ್ನ ರಾಜ್ಯದ ಅಧಿಕೃತ ಪ್ರಶ್ನೆ ಅಂತಲೇ ಘೋಷಿಸಿದ್ದಾರೆ. ಎರಡೂ ಬೇಕು ಅನ್ನೋದಾದರೆ "ಕ್ರಿಸ್‌ಮಸ್" ಅನ್ನಬೇಕು. ಹ್ಯಾಚ್ ಕಣಿವೆಯ ಮೆಣಸಿನಕಾಯಿ ಹಸಿರಾಗಿದ್ದಾಗ ಸುಟ್ಟು ಸಿಪ್ಪೆ ಸುಲಿದು ಬಳಸ್ತಾರೆ, ಗಿಡದಲ್ಲೇ ಹಣ್ಣಾಗಿ ಒಣಗಿದ್ದನ್ನ ನೆನೆಸಿ ಅರೆದು ಕೆಂಪು ಸಾರು ಮಾಡ್ತಾರೆ. ಆ ಕೆಂಪು ಸಾರನ್ನ ಮೊದಲ ಸಲ ನೋಡಿದಾಗ ನನಗೆ ಬ್ಯಾಡಗಿ ನೆನಪಾಯಿತು. ಅದೇ ಗಾಢ ಬಣ್ಣ, ಖಾರಕ್ಕಿಂತ ಪರಿಮಳ ಮುಂದು. ಮೆಣಸಿನಕಾಯಿ ನಮ್ಮೂರಿಗೆ ಬಂದದ್ದೇ ಈ ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ. ಹಾಗಾಗಿ ಆ ತಟ್ಟೆ ಮುಂದೆ ಕೂತಾಗ ನನಗೆ ಪರಊರು ಅನ್ನಿಸಲೇ ಇಲ್ಲ.

ಈ "ಸೌತ್‌ವೆಸ್ಟರ್ನ್" ಅಂತ ದುಬಾರಿ ಹೋಟೆಲ್ ಅಡುಗೆ ಶುರುವಾದದ್ದು 1980ರ ದಶಕದಲ್ಲಿ. ಡಲ್ಲಾಸ್‌ನಲ್ಲಿ ಡೀನ್ ಫಿಯರಿಂಗ್, ಸ್ಟೀಫನ್ ಪೈಲ್ಸ್, ಹ್ಯೂಸ್ಟನ್‌ನಲ್ಲಿ ರಾಬರ್ಟ್ ಡೆಲ್ ಗ್ರಾಂಡೆ ಅನ್ನೋ ಅಡುಗೆಯವರು ಹಳ್ಳಿ ಮನೆಗಳ ಮೆಣಸಿನಕಾಯಿ, ಮೆಕ್ಕೆಜೋಳ, ಬೀನ್ಸ್ ತಂದು ದೊಡ್ಡ ಹೋಟೆಲ್ ಮೇಜಿಗೆ ಇಟ್ಟರು. 1987ರಲ್ಲಿ ಮಾರ್ಕ್ ಮಿಲ್ಲರ್ ಸಾಂತಾ ಫೆಯಲ್ಲಿ ಕಯೋಟಿ ಕೆಫೆ ತೆರೆದರು. ಗಿರ್ಮಿಟ್ ಅವರು ಬಡವರ ಅನ್ನಕ್ಕೆ ಬಿಳಿ ಬಟ್ಟೆ ಅಂದರಲ್ಲ, ಇದೂ ಅದೇ ಕಥೆ. ಆದರೆ ನಾನು ಅದನ್ನ ತಪ್ಪು ಅನ್ನಲ್ಲ. ಮೆಣಸಿನಕಾಯಿಗೆ ಆ ಗೌರವ ಸಲ್ಲಬೇಕಾದ್ದೇ.

ಆ ಹೋಟೆಲ್‌ನಲ್ಲಿ ಅಡುಗೆಯವರ ಕೈ ಪಳಗಿರೋದು ಅಲ್ಲೇ ಅಂತ ನನಗನ್ನಿಸಿದೆ. ಸುಟ್ಟ ಹಸಿರು ಮೆಣಸಿನಕಾಯಿ ಸಾಸ್, ನೀಲಿ ಮೆಕ್ಕೆಜೋಳದ ರೊಟ್ಟಿಯ ಎಂಚಿಲಾಡ, ಜೇನು ಸುರಿದ ಸೊಪಪಿಯಾ (ಪೂರಿಯಂಥ ಕರಿದ ತಿಂಡಿ) ಮೂರೂ ಚೆನ್ನಾಗಿದ್ದವು. ನೂರು ಡಾಲರ್ ಒಳಗೆ ಇಬ್ಬರ ಊಟ ಮುಗೀತು. ಜನ ಹೋಗೋದು ಸ್ಟೇಕ್‌ಗೆ, ಅವರು ಮನಸ್ಸಿಟ್ಟು ಮಾಡೋದು ಇದನ್ನ.


ಗಿರ್ಮಿಟ್_ಹುಬ್ಬಳ್ಳಿ

ಬ್ಯಾಡಗಿ ಹೆಸರು ತಗದು ಮನಿ ನೆನಪು ಮಾಡಿದ್ರಿ ನೋಡ್ರಿ. ನಮ್ಮ ಮಾವನ ಊರು ಅಲ್ಲೇ ಬಾಜೂಕ. ಮಾರ್ಕೆಟ್ ದಿನ ಊರ ತುಂಬ ಸೀನು.

ಮೆಸ್ಕೀಟ್ ಬಗ್ಗೆ ಒಂದು ಕೇಳ್ತೀನಿ. ಅದು ನಮ್ಮ ಬಳ್ಳಾರಿ ಜಾಲೀನೇ ಏನ್ರಿ?


ಕಾಚಂಪುಳಿ

ಒಂದೇ ಕುಲ, ಜಾತಿ ಬೇರೆ. ಟೆಕ್ಸಾಸ್‌ನದ್ದು ಪ್ರೊಸೋಪಿಸ್ ಗ್ಲ್ಯಾಂಡುಲೋಸ, ನಮ್ಮ ಬಳ್ಳಾರಿ ಜಾಲಿ ಪ್ರೊಸೋಪಿಸ್ ಜೂಲಿಫ್ಲೋರ. ಅದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ ಕಡೆ. 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಬರದ ನಾಡಿಗೆ ಸೌದೆ ಆಗಲಿ ಅಂತ ಇಂಡಿಯಾಕ್ಕೆ ತಂದರು, ಆಮೇಲೆ ಅದು ಕೆರೆಯಂಗಳ ಹೊಲ ಎಲ್ಲ ಹಬ್ಬಿಕೊಂಡಿತು. ಇಲ್ಲೂ ರೈತರಿಗೆ ಅದೇ ತಲೆನೋವು, ಹುಲ್ಲುಗಾವಲು ನುಂಗುತ್ತೆ ಅಂತ ಬೇರುಸಹಿತ ಕೀಳ್ತಾರೆ. ಅಪ್ಪನವರ ಮೂಗು ತಪ್ಪು ಹೇಳಿಲ್ಲ.

ಬ್ರಿಸ್ಕೆಟ್‌ಗೆ ನಾನು ಅದನ್ನ ಬಳಸಲ್ಲ, ಪೋಸ್ಟ್ ಓಕ್ ಸೌದೆ ಹಾಕ್ತೀನಿ. ಹನ್ನೆರಡು ಗಂಟೆ ಮೆಸ್ಕೀಟ್ ಹೊಗೆ ತಿಂದರೆ ಮಾಂಸ ಕಹಿಯಾಗುತ್ತೆ. ಕೋಳಿ, ಸ್ಟೇಕ್ ಹಾಗೆ ಬೇಗ ಮುಗಿಯೋದಕ್ಕೆ ಅದರಷ್ಟು ರುಚಿ ಬೇರೆ ಇಲ್ಲ.


ವೇದಾವತಿ_ದಂಡೆ

ಮುಂದೇನಾಯಿತು ಅಂತ ಹೇಳಿಬಿಡ್ತೀನಿ.

ಒಲೆ_ಮುಂದೆ ಅವರು ಹೇಳಿದ ಮೇಲೆ ಹೋಟೆಲ್‌ಗೆ ಫೋನ್ ಮಾಡಿದೆ. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ಬೀನ್ಸ್ ವಿಷಯಕ್ಕೆ ಬಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿಮ್ಮ ತಾಯಿಯವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ" ಅಂದರು. ರಿಬೈ ಮತ್ತು ಬೀನ್ಸ್ ಹಣ, ತೆರಿಗೆ ಸೇರಿ 98.51 ಡಾಲರ್ ವಾಪಸ್ ಹಾಕಿದರು. ವೇಟರ್ ಟಿಪ್‌ನಲ್ಲಿ ಏನೂ ಕಡಿಯಬೇಡಿ ಅಂತ ನಾನೇ ಹೇಳಿದೆ. ಮೆನುವಿನಲ್ಲಿ ಬೀನ್ಸ್ ಪಕ್ಕ ಬೇಕನ್ ಅಂತ ಬರೆಸ್ತೀವಿ ಅಂದಿದ್ದಾರೆ. ಬರೆಸಿದ್ದಾರಾ ಅಂತ ನೀವ್ಯಾರಾದರೂ ಹೋದಾಗ ನೋಡಿ ತಿಳಿಸಿ, ದಯವಿಟ್ಟು.

ಬ್ರಿಸ್ಕೆಟ್‌ಗೆ ನಾನೇನೂ ಕೇಳಲಿಲ್ಲ. ಒಂದು ದಿನ ಹನ್ನೊಂದೂವರೆಗೆ ಹೋಗಿ ಮಾಯಿಸ್ಟ್ ಕೇಳಿ ತಿಂದು ನೋಡಬೇಕು.

ಇನ್ನೊಂದು. ನಿನ್ನೆ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚೀಲ ಮೆಸ್ಕೀಟ್ ತುಂಡು ತಂದೆ. ಅಪ್ಪ ಒಂದು ತುಂಡು ಎತ್ತಿಕೊಂಡು ಉಗುರಿನಲ್ಲಿ ಕೆರೆದು ಮೂಸಿ ನೋಡಿದರು. "ಇದನ್ನ ದುಡ್ಡು ಕೊಟ್ಟು ತಂದೆಯಾ?" ಅಂತ ಕೇಳಿ, ಆಮೇಲೆ ತಾವೇ ಚೀಲ ಎತ್ತಿ ನೆರಳಿಗೆ ಇಟ್ಟರು. ಭಾನುವಾರ ಹಿತ್ತಲಲ್ಲಿ ಕೋಳಿ ಸುಡೋಣ ಅಂತಿದ್ದೇವೆ. ಭಾನುವಾರ ಆದ್ದರಿಂದ ಅಮ್ಮನೂ ತಿಂತಾರೆ, ಮಸಾಲೆ ತಾವೇ ಅರೀತೀನಿ ಅಂದಿದ್ದಾರೆ. ಮನೆಯಲ್ಲಿರೋದು ಸಾಮಾನ್ಯ ದುಂಡು ಗ್ರಿಲ್. ಹೇಗೆ ಮಾಡಲಿ?


ಕಾಚಂಪುಳಿ

ಇದ್ದಿಲನ್ನ ಒಂದೇ ಪಕ್ಕಕ್ಕೆ ಸುರಿಯಿರಿ, ಕೋಳಿ ಇನ್ನೊಂದು ಪಕ್ಕ ಇಡಿ, ನೇರ ಬೆಂಕಿ ತಾಗಬಾರದು. ಮೆಸ್ಕೀಟ್ ಎರಡು ಮೂರು ತುಂಡು ಸಾಕು. ಮೊದಲು ಬರುವ ದಟ್ಟ ಬಿಳಿ ಹೊಗೆ ಕಹಿ. ಅದು ಹೋಗಿ ತೆಳ್ಳಗೆ, ನೀಲಿಯಾಗಿ ಬರೋವರೆಗೆ ಕೋಳಿ ಇಡಬೇಡಿ. ಮುಚ್ಚಳ ಪದೇ ಪದೇ ತೆಗೀಬೇಡಿ. ಒಂದೂಕಾಲು ಗಂಟೆ ಆದ ಮೇಲೆ ತೊಡೆಯ ದಪ್ಪ ಜಾಗಕ್ಕೆ ಮೂಳೆ ತಾಗದ ಹಾಗೆ ಥರ್ಮಾಮೀಟರ್ ಚುಚ್ಚಿ. ತೊಡೆಗೆ 175 ಬಂದರೆ ಇನ್ನೂ ಮೆತ್ತಗಿರುತ್ತೆ. ಅಪ್ಪನವರ ಕೈಲೇ ಚುಚ್ಚಿಸಿ.


ತರಕಾರಿ_ಬುಟ್ಟಿ

ಪಕ್ಕದಲ್ಲೇ ನಾಲ್ಕು ಪೊಬ್ಲಾನೊ ಇಟ್ಟು ಸುಡಿ. ಅಮ್ಮನಿಗೆ ಆ ರುಚಿ ಅರ್ಧಕ್ಕೇ ನಿಂತಿದೆ.


ವೇದಾವತಿ_ದಂಡೆ

ಭಾನುವಾರ ರಾತ್ರಿ ಬರೀತಿದ್ದೀನಿ. ಪೊಬ್ಲಾನೊ ಆರು ಸುಟ್ಟೆವು. ಅಮ್ಮ ಸಿಪ್ಪೆ ಸುಲಿದು ಮೊಸರು, ಹಸಿ ಈರುಳ್ಳಿ, ಸಾಸಿವೆ ಒಗ್ಗರಣೆ ಹಾಕಿ ಬಜ್ಜಿ ಮಾಡಿದರು, ಒಂದು ಬಟ್ಟಲೂ ಉಳಿಯಲಿಲ್ಲ. ಕೋಳಿಗೆ ಬ್ಯಾಡಗಿ, ಬೆಳ್ಳುಳ್ಳಿ, ನಿಂಬೆಹಣ್ಣು. ನೀಲಿ ಹೊಗೆ ಬರೋವರೆಗೆ ಅಪ್ಪ ಗ್ರಿಲ್ ಪಕ್ಕ ಕುರ್ಚಿ ಹಾಕಿಕೊಂಡು ಕೂತೇ ಇದ್ದರು, ಯಾರನ್ನೂ ಮುಚ್ಚಳ ಮುಟ್ಟೋಕೆ ಬಿಡಲಿಲ್ಲ.

ತೊಡೆ ಬಿಡಿಸಿದಾಗ ಮೂಳೆ ಹತ್ತಿರ ಅದೇ ಗುಲಾಬಿ ಬಣ್ಣ. ಮಗ ಥರ್ಮಾಮೀಟರ್ ಕೊಟ್ಟ. ಅಪ್ಪ ಕನ್ನಡಕ ಹಾಕಿಕೊಂಡು ತಾವೇ ಚುಚ್ಚಿ, ಅಂಕಿ ನಿಲ್ಲೋವರೆಗೆ ಕಾದರು. 178. ಇನ್ನೊಂದು ಜಾಗದಲ್ಲಿ ಚುಚ್ಚಿದರು, 176. ತಟ್ಟೆ ಎಳೆದುಕೊಂಡು ಆ ತೊಡೆಯನ್ನೇ ತಿಂದರು.